ಹುಲ್ಲು ಸುತ್ತದ ಬಾಳೆ

ಥಾರ್ನ್‌ಶಾ, ಯಾರ್ಕ್‌ಶೈರ್
೯ ಸೆಪ್ಟೆಂಬರ್ ೧೯೬೨

ಪ್ರಿಯ ಮಿಸ್ ಟ್ರೆಂಬಾತ್ ಅವರಿಗೆ,

ಕ್ಷೇಮವಾಗಿ ಊರು ಸೇರಿದೆ. ನೀವು ದಾರಿಗೆ ಕಟ್ಟಿಕೊಟ್ಟ ಪ್ಯಾಸ್ಟಿ ಕಡುಬು ರೈಲು ಬ್ರಿಸ್ಟಲ್ ದಾಟುವವರೆಗೂ ಬೆಚ್ಚಗಿತ್ತು. ಅದಕ್ಕೆ ನನ್ನ ಮಫ್ಲರ್ ಸುತ್ತಿ ಇಟ್ಟಿದ್ದೆ.

ಐದು ವರ್ಷದಿಂದ ಅಂಚೆಯಲ್ಲೇ ನಿಮ್ಮಿಂದ ಗಿಡ ತರಿಸಿಕೊಂಡವನು ನಾನು. ನಿಮ್ಮ ತಂದೆಯವರ ತೋಟ ಹೀಗಿರುತ್ತದೆ ಎಂದು ಎಣಿಸಿರಲಿಲ್ಲ. ಸಮುದ್ರದ ಮೇಲಿನ ಆ ಇಳಿಜಾರು, ನನ್ನ ಎರಡರಷ್ಟು ಎತ್ತರದ ಜರೀಗಿಡ, ಎತ್ತಿನ ಬಂಡಿಯಗಲದ ಕತ್ತಾಳೆ! ಆ ಬಾಳೆಗಳು ಚಳಿಗಾಲವಿಡೀ ಬಯಲಲ್ಲಿ ಬರಿಮೈಯಲ್ಲಿ ನಿಂತಿರುತ್ತವೆ ಎಂದು ಇಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಪಕ್ಕದ ಮನೆಯ ಎನೊಕ್ ಅಂತೂ, "ಕಾರ್ನ್‌ವಾಲಲ್ಲಿ ನಿಂಗೆ ಸೇಂದಿ ಏನಾದ್ರೂ ಕುಡಿಸಿದ್ರಾ ವಿಲ್ಫ್?" ಎಂದು ಕೇಳಿದ.

ಒಂದು ವಿಷಯ ಕೇಳಬೇಕಿತ್ತು. ಅಲ್ಲಿರುವಾಗ ಬಾಯಿ ಬರಲಿಲ್ಲ. ನಮ್ಮ ಮನೆಯ ದಕ್ಷಿಣದ ಗೋಡೆಗೆ ದಿನವಿಡೀ ಬಿಸಿಲು ಬೀಳುತ್ತದೆ, ಗಾಳಿ ತಾಕುವುದಿಲ್ಲ. ಅಲ್ಲಿ ಜಾಗ ಖಾಲಿ ಇದೆ. ನಿಮ್ಮ ಕಡೆಯದು, ಅಲ್ಲೇ ಬೇರು ಬಿಟ್ಟು ಬಲಿತದ್ದು, ಇಲ್ಲಿಗೆ ಬಂದರೆ ಒಗ್ಗೀತೇ? ಗಿಡದ ಹೆಸರು ಬರೆದಿಲ್ಲ. ನಿಮಗೆ ತಿಳಿದೀತು ಅಂದುಕೊಂಡಿದ್ದೇನೆ.

ನಿಮ್ಮ ವಿಶ್ವಾಸಿ,
ವಿಲ್ಫ್ರೆಡ್ ಹಾರ್ಡ್‌ಕ್ಯಾಸಲ್


ಪೋರ್ತ್‌ವೆನ್, ಕಾರ್ನ್‌ವಾಲ್
೨೦ ಸೆಪ್ಟೆಂಬರ್ ೧೯೬೨

ಪ್ರಿಯ ಹಾರ್ಡ್‌ಕ್ಯಾಸಲ್ ಅವರೇ,

ಪ್ಯಾಸ್ಟಿಗೂ ಮಫ್ಲರ್ ಸುತ್ತಿದಿರಾ! ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನನ್ನ ತಮ್ಮನ ಹೆಂಡತಿ ಟ್ಯಾಮ್‌ಸಿನ್‌ಗೆ ಓದಿ ಹೇಳಿದೆ. "ಆ ಮನುಷ್ಯನ ಕೈಗೆ ಸಿಕ್ಕಿದ್ರೆ ನಿನ್ನನ್ನೂ ಹುಲ್ಲಲ್ಲಿ ಸುತ್ತಿ ಮೂಲೇಲಿ ನಿಲ್ಲಿಸ್ತಾನೆ ನೋಡು," ಅಂದಳು. ಅವಳ ಬಾಯಿಗೆ ಬೀಗವಿಲ್ಲ.

ನೀವು ಕೇಳಿದ ಗಿಡದ ಬಗ್ಗೆ. ಬಲಿತದ್ದನ್ನು ಬೇರು ಸಮೇತ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಆ ಗೋಡೆಗೆ ಒಂದು ದ್ರಾಕ್ಷಿ ಬಳ್ಳಿ ಹಬ್ಬಿಸಿ. ಬೇಗ ಒಗ್ಗುತ್ತದೆ, ಎದುರು ಮಾತಾಡುವುದಿಲ್ಲ.

ಇಲ್ಲಿ ಬೇಸಿಗೆಯ ಕೊನೆಯ ಕೆಲಸ. ಬೆಳಿಗ್ಗೆ ಎದ್ದು ನೀರು, ಆಮೇಲೆ ಕಳೆ, ಮಧ್ಯಾಹ್ನ ಬಸವನಹುಳು ಹೆಕ್ಕುವುದು, ಸಂಜೆ ಮತ್ತೆ ನೀರು. ಹಡಗಿನಲ್ಲಿ ದೇಶ ದೇಶ ಸುತ್ತಿ ಬೀಜ ತಂದವರು ಅಪ್ಪ. ಬಿತ್ತಿದ ಮೇಲೆ ಮತ್ತೆ ಹಡಗು ಹತ್ತಿದರು. ನೀರು ಹಾಕಿದವಳು ನಾನು. ಹಾಸಿಗೆ ಹಿಡಿದಾಗಲೂ ಕಿಟಕಿಯಿಂದ ಬೆರಳು ತೋರಿಸಿ, "ಅದಕ್ಕೆ ಹಾಕಿದ್ಯಾ? ಇದಕ್ಕೆ ಹಾಕಿದ್ಯಾ?" ಎನ್ನುತ್ತಿದ್ದರು. ಕೊನೆಯ ಮಾತೂ ಅದೇ: "ತೋಟ ನೋಡ್ಕೋ ಲವ್‌ಡೇ." ನೋಡಿಕೊಳ್ಳುತ್ತಿದ್ದೇನೆ.

ಕೇಸರಿ ಬನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಏನನ್ನೂ ಸುತ್ತದೆ ತಿನ್ನಿ.

ಲವ್‌ಡೇ ಟ್ರೆಂಬಾತ್


ಥಾರ್ನ್‌ಶಾ
೪ ನವೆಂಬರ್ ೧೯೬೨

ಪ್ರಿಯ ಮಿಸ್ ಟ್ರೆಂಬಾತ್,

ಬನ್ನು ಬಂದ ದಿನವೇ ಮುಗಿಯಿತು. ಪಾಲು ಕೇಳುವ ಮೊದಲೇ ಎನೊಕ್‌ನ ಬಾಯಿಗೆ ಒಂದು ತುರುಕಿದೆ.

ಕಳೆದ ವಾರ ಮೊದಲ ಇಬ್ಬನಿ ಹೆಪ್ಪುಗಟ್ಟಿತು. ನನ್ನ ಬಾಳೆಯ ಎಲೆಗಳು ಒಂದೇ ಬೆಳಗಿಗೆ ಕಪ್ಪಾದವು. ಎಲೆ ಕತ್ತರಿಸಿ, ದಿಂಡಿನ ಸುತ್ತ ಕೋಳಿಗೂಡಿನ ತಂತಿಬಲೆ ನಿಲ್ಲಿಸಿ, ಒಳಗೆ ಒಣಹುಲ್ಲು ತುಂಬಿ, ಮೇಲೆ ಗೋಣಿ ಹೊದಿಸಿದೆ. ಹುಲ್ಲನ್ನು ಒತ್ತಿ ತುರುಕಬಾರದು. ಉಸಿರಾಡಲು ಸಂದು ಬಿಡದಿದ್ದರೆ ಒಳಗೇ ಕೊಳೆಯುತ್ತದೆ. ನಾಳೆ ಬೀದಿಬೀದಿಯಲ್ಲಿ ಬೆಂಕಿ ಹಾಕಿ ಹುಲ್ಲಿನ ಬೊಂಬೆ ಸುಡುವ ದಿನ ನೋಡಿ, ಬೀದಿಯ ಮಕ್ಕಳು ಬಾಗಿಲು ತಟ್ಟಿದವು. "ಮಿಸ್ಟರ್ ಹಾರ್ಡ್‌ಕ್ಯಾಸಲ್, ನಿಮ್ಮ ಬೊಂಬೆ ಎಷ್ಟು ಚೆನ್ನಾಗಿದೆ! ನಾಳೆ ಸುಡೋಕೆ ಕೊಡ್ತೀರಾ?" ಗದರಿಸಿ ಕಳಿಸಿದೆ. ರೈಲ್ವೆ ಸಿಗ್ನಲ್ ಕ್ಯಾಬಿನ್ನಿನ ಕೆಲಸಕ್ಕೆ ರಜೆ ಹಾಕಿದ್ದೇನೆ, ನಾಳೆ ಸಂಜೆ ಕಾವಲು ಕೂರುತ್ತೇನೆ.

ಉಳಿದ ಕುಂಡಗಳೆಲ್ಲ ಸಿಗ್ನಲ್ ಕ್ಯಾಬಿನ್ ಸೇರಿವೆ. ಸುತ್ತ ಗಾಜು, ನಡುವೆ ಕಲ್ಲಿದ್ದಲ ಒಲೆ, ಇದಕ್ಕಿಂತ ಒಳ್ಳೆಯ ಗಾಜಿನ ಮನೆ ಯಾವ ಜಮೀನುದಾರನಿಗೂ ಇಲ್ಲ. ಕಾಬಾಳೆ ಗೆಡ್ಡೆಗಳು ಸಿಗ್ನಲ್ ಎಳೆಯುವ ಲಿವರ್‌ಗಳ ಕೆಳಗೆ, ಜಿರೇನಿಯಂ ಕಿಟಕಿಯಲ್ಲಿ. ತನಿಖೆಗೆ ಬಂದ ಇನ್ಸ್‌ಪೆಕ್ಟರ್, "ಏನಯ್ಯಾ, ರೈಲು ನಿಲ್ಲಿಸೋದೆಲ್ಲಿ, ಹೂ ಕೀಳೋದೆಲ್ಲಿ?" ಎಂದು ಬೈದರು. ಹೋಗುವಾಗ ಹೆಂಡತಿಗೆಂದು ಒಂದು ಕುಂಡ ಎತ್ತಿಕೊಂಡು ಹೋದರು.

ಕುಂಡಗಳು ಹೋದ ಮೇಲೆ ಮನೆಯ ಮುಂದಿನ ಕೋಣೆ ಬಿಕೋ ಎನ್ನುತ್ತದೆ. ನನ್ನ ಹೆಂಡತಿ ನೆಲ್ಲಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಒಬ್ಬನಿಗೆ ಅಷ್ಟು ದೊಡ್ಡ ಕೋಣೆ ಯಾಕೆ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನೀವು ಕೇಳಲಿ ಎಂದು ಬರೆದದ್ದೂ ಹೌದು.

ವಿಲ್ಫ್ರೆಡ್


ಪೋರ್ತ್‌ವೆನ್
೩ ಡಿಸೆಂಬರ್ ೧೯೬೨

ಪ್ರಿಯ ವಿಲ್ಫ್ರೆಡ್ ಅವರೇ,

ಬೊಂಬೆ ಬದುಕಿತು ತಾನೇ? ನನ್ನ ತಮ್ಮ ಜೋರಿ ನಿಮ್ಮ ಕಾಗದ ಕೇಳಿ ಮೀನುಬಲೆ ಹೆಣೆಯುವುದನ್ನೇ ಬಿಟ್ಟು ಉರುಳಾಡಿದ. "ಬಾಳೆಗೆ ಕಂಬಳಿ ಹೊದಿಸೋರು, ನಾಳೆ ತೊಟ್ಟಿಲು ತೂಗ್ತಾರೆ!"

ಇಲ್ಲಿ ನಾವು ಯಾವುದಕ್ಕೂ ಏನನ್ನೂ ಹೊದಿಸುವುದಿಲ್ಲ. ಅಪ್ಪನ ಕಾಲದಿಂದಲೂ ಇಲ್ಲ. ಹೊದಿಸುವವರನ್ನು ಕಂಡರೆ ಊರೇ ನಗುತ್ತದೆ. ಸಮುದ್ರದ ಕಾವು ಇದೆ, ಚಳಿ ಇಲ್ಲಿಗೆ ನೆಂಟನಂತೆ ಬಂದು ಚಹಾ ಕುಡಿದು ಹೋಗುತ್ತದೆ. ಒಂದು ಹಿಡಿ ಹುಲ್ಲೂ ಮನೆಯಲ್ಲಿಲ್ಲ.

ನಿಮ್ಮ ಕೋಣೆಯ ವಿಷಯ. ನಾನು ಕೇಳುವುದಿಲ್ಲ. ಕೇಳಿದರೆ ನೀವು ಉತ್ತರ ಹೇಳಿಬಿಡುತ್ತೀರಿ, ಆಗ ನಾನೂ ಒಂದು ಉತ್ತರ ಹೇಳಬೇಕಾಗುತ್ತದೆ. ನಾನು ಮೂರು ದಿನ ಊರು ಬಿಟ್ಟರೆ ಈ ಇಳಿಜಾರಿನ ಗತಿ ಏನು? ಜೋರಿಗೆ ಕಳೆ ಯಾವುದು ಗಿಡ ಯಾವುದು ಗೊತ್ತಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಕಾಗದ ನಿಲ್ಲಿಸಬೇಡಿ. ಕ್ರಿಸ್‌ಮಸ್ಸಿಗೆ ಕೈಗವಸು ಹೆಣೆದು ಕಳಿಸುತ್ತಿದ್ದೇನೆ, ಅದು ಮಾತ್ರ ನಿಮಗೆ, ಗಿಡಕ್ಕಲ್ಲ.

ಲವ್‌ಡೇ


ಥಾರ್ನ್‌ಶಾ
೨ ಜನವರಿ ೧೯೬೩

ಪ್ರಿಯ ಲವ್‌ಡೇ ಅವರೇ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹಳಿಯ ಮೇಲೆ ಎದೆಮಟ್ಟ ಹಿಮ, ಬೆಳಗಿನಿಂದ ಸಲಿಕೆ ಹಿಡಿದೇ ಇದ್ದೇವೆ. ನಿಮ್ಮ ಕಡೆಯೂ ಬಿದ್ದಿದೆಯೆಂದು ಪತ್ರಿಕೆಯಲ್ಲಿ ಬಂದಿದೆ. ಕಾರ್ನ್‌ವಾಲಿನ ರಸ್ತೆಗಳೇ ಮುಚ್ಚಿಹೋಗಿವೆಯಂತೆ.

ದಯವಿಟ್ಟು ನಗಬೇಡಿ, ಹೇಳಿದಷ್ಟು ಮಾಡಿ. ಹುಲ್ಲು ಸಿಗದಿದ್ದರೆ ಜೋರಿಯ ಹಳೆಯ ಬಲೆ, ಹಾಯಿಬಟ್ಟೆ, ಹಾಸಿಗೆ, ಒಣ ಎಲೆ, ಏನು ಸಿಕ್ಕರೆ ಅದು. ಜರೀಗಿಡದ ನೆತ್ತಿಗೆ ಮೊದಲು. ಅದರ ಜೀವ ಇರುವುದೇ ನೆತ್ತಿಯಲ್ಲಿ. ಕತ್ತಾಳೆಗೆ ನೀರು ತಾಕದಂತೆ ಮೇಲೊಂದು ಹಲಗೆ. ಬಾಳೆಯನ್ನು ಸೊಂಟದವರೆಗಾದರೂ ಸುತ್ತಿ.

ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ. ಒಂದು ಸಾಲಾದರೂ ಬರೆಯಿರಿ.

ವಿಲ್ಫ್


ಪೋರ್ತ್‌ವೆನ್
೩೦ ಜನವರಿ ೧೯೬೩

ಪ್ರಿಯ ವಿಲ್ಫ್,

ತಡವಾಯಿತು, ಕ್ಷಮಿಸಿ. ಅಂಚೆಯೂ ತಡ, ನಾನೂ ತಡ. ಗಾಬರಿಪಡಬೇಡಿ. ಇಲ್ಲೊಂದು ಅಲ್ಲೊಂದು ಎಲೆ ಕಪ್ಪಾಗಿದೆ, ಅಷ್ಟೇ. ತೋಟ ತನ್ನ ಪಾಡಿಗೆ ತಾನಿದೆ.

ಮೊನ್ನೆ ಬಸ್ಸು ಓಡಾಡಲು ಶುರುವಾದದ್ದೇ ಟ್ರೂರೋ ಪೇಟೆಗೆ ಹೋಗಿಬಂದೆ. ಸುಮ್ಮನೆ. ಅಂಗಡಿ ಸುತ್ತಿ ಒಂದು ಕೆಂಪು ಕೋಟು ಕೊಂಡೆ. ಕತ್ತಲಾಗುವವರೆಗೂ ಸಿನಿಮಾ ನೋಡಿದೆ. ಟ್ಯಾಮ್‌ಸಿನ್ ಬಾಯಿಬಿಟ್ಟುಕೊಂಡು ನೋಡಿದಳು: "ಈ ವಯಸ್ಸಲ್ಲಿ ಕೆಂಪಾ?" "ಹಸಿರು ನೋಡಿ ಸಾಕಾಗಿದೆ ಕಣೇ," ಅಂದೆ.

ನಿಮ್ಮ ಬೆರಳು ಹೇಗಿವೆ? ಸಲಿಕೆ ಕೆಲಸಕ್ಕೆ ಹುಡುಗರನ್ನು ಬಿಡಿ.

ಲವ್‌ಡೇ


ಥಾರ್ನ್‌ಶಾ
೨೧ ಫೆಬ್ರವರಿ ೧೯೬೩

ಪ್ರಿಯ ಲವ್‌ಡೇ,

ನಿಮ್ಮ ಕಾಗದ ಓದಿ ಎಷ್ಟು ಹಗುರವಾಯಿತೆಂದರೆ ಎನೊಕ್‌ನನ್ನು ಕರೆದು ಬಿಯರ್ ಕೊಡಿಸಿದೆ. ಇಂಥ ಚಳಿಯಲ್ಲಿ ಎರಡೆಲೆ ಮಾತ್ರ ಕಪ್ಪಾಯಿತು ಎಂದರೆ ನಿಮ್ಮ ಕೈಗುಣ. ನನ್ನ ಮಾತು ಕೇಳಿ ಹೊದಿಸಿದಿರಿ ಎಂದೇ ತಿಳಿಯುತ್ತೇನೆ, ನೀವು ಒಪ್ಪಿಕೊಳ್ಳದಿದ್ದರೂ ಸರಿ.

ಹಿಮ ಗುಡಿಸುತ್ತಾ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ನೀವು ತೋಟ ಬಿಟ್ಟು ಬರಲಾರಿರಿ. ಅದನ್ನು ಕೇಳಿದ್ದೇ ನನ್ನ ತಪ್ಪು. ಸಿಗ್ನಲ್ ಕ್ಯಾಬಿನ್ ಯಾರ ಅಪ್ಪನ ತೋಟವೂ ಅಲ್ಲ, ಬಿಟ್ಟು ಬರಬಹುದು. ರಾಜೀನಾಮೆ ಬರೆದಿಟ್ಟಿದ್ದೇನೆ, ಈ ತಿಂಗಳು ಮುಗಿದ ಮೇಲೆ ಕೊಡುತ್ತೇನೆ. ಪೋರ್ತ್‌ವೆನ್‌ನಲ್ಲಿ ಬಾಡಿಗೆಗೆ ಒಂದು ಕೋಣೆ ಸಾಕು. ಎರಡು ಕೈ ಹೊತ್ತದ್ದನ್ನು ನಾಲ್ಕು ಕೈ ಹೊತ್ತರೆ ತೋಟ ಹಗುರ. ಬೇಡ ಎನ್ನುವುದಾದರೆ ಬೇಗ ಬರೆಯಿರಿ. ಬರೆಯದಿರಲಿ ಎಂದೇ ನನ್ನ ಆಸೆ.

ವಿಲ್ಫ್


ಪೋರ್ತ್‌ವೆನ್
೨೫ ಫೆಬ್ರವರಿ ೧೯೬೩

ವಿಲ್ಫ್,

ರಾಜೀನಾಮೆ ಕೊಡಬೇಡಿ. ಬರಲೂ ಬೇಡಿ.

ನಾನು ಸುಳ್ಳು ಬರೆದೆ. ತೋಟ ಇಲ್ಲ. ಹೊಸ ವರ್ಷಕ್ಕೆ ಮುಂಚೆಯೇ ಹೋಯಿತು. ನಿಮ್ಮ ಕಾಗದ ಬರುವಷ್ಟರಲ್ಲಿ ಹೊದಿಸಲು ಏನೂ ಉಳಿದಿರಲಿಲ್ಲ. ಕತ್ತಾಳೆ ಕೊಳೆತು ಅಂಬಲಿಯಾಗಿದೆ. ಬಾಳೆ ಒದ್ದೆ ಬಟ್ಟೆಯಂತೆ ಮಡಿಚಿ ಬಿದ್ದಿದೆ. ಜರೀಗಿಡದ ನೆತ್ತಿಗೆ ಕೈ ಹಾಕಿದರೆ ಕೆಸರು. ಹೊದಿಸದ ಊರು ನಮ್ಮದು, ಜಂಬ ಕೊಚ್ಚಿದವಳು ನಾನು. ಇಲ್ಲದ ತೋಟ ನೋಡಿಕೊಳ್ಳಲು ನೀವು ಕೆಲಸ ಬಿಡುವುದು ಬೇಡ.

ಲವ್‌ಡೇ


ಥಾರ್ನ್‌ಶಾ
೧ ಮಾರ್ಚ್ ೧೯೬೩

ನನ್ನ ಪ್ರಿಯ ಲವ್‌ಡೇ,

ನಿಮ್ಮ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ಇಷ್ಟು ದಿನ ಈ ದುಃಖವನ್ನು ಒಬ್ಬರೇ ನುಂಗಿಕೊಂಡಿರಲ್ಲ. ನಾನಿಲ್ಲಿ ಬಿಯರ್ ಕುಡಿಯುತ್ತಿದ್ದೆ, ನೆನೆದರೆ ನಾಚಿಕೆಯಾಗುತ್ತದೆ.

ಆದರೆ ಅಳಬೇಡಿ, ಕೇಳಿ. ಇವತ್ತು ಹುಲ್ಲಿನೊಳಗೆ ಕೈ ತೂರಿಸಿ ನೋಡಿದೆ. ನನ್ನ ಬಾಳೆಯ ದಿಂಡು ಗಟ್ಟಿಯಾಗಿದೆ! ಅದು ನಿಮ್ಮ ತಂದೆಯವರ ಬಾಳೆಯದೇ ಮರಿ, ಐದು ವರ್ಷದ ಹಿಂದೆ ನೀವೇ ಕಳಿಸಿದ್ದು. ಗಿಡ ಉಳಿಸಿಕೊಳ್ಳಬೇಕೆಂದರೆ ಗಿಡ ಕೊಟ್ಟುಬಿಡಬೇಕು ಎಂದು ನಮ್ಮಂಥವರು ಹೇಳುವುದು ಇದಕ್ಕೇ. ಲೀಡ್ಸ್‌ನಲ್ಲಿ, ಹ್ಯಾಲಿಫ್ಯಾಕ್ಸ್‌ನಲ್ಲಿ ನಿಮ್ಮಿಂದ ಗಿಡ ತರಿಸಿಕೊಂಡವರಿಗೆಲ್ಲ ಹೇಳಿ ಕಳಿಸಿದ್ದೇನೆ. ಎಲ್ಲರೂ ಒಂದೊಂದು ಮರಿ ಕೊಡುತ್ತೇವೆ ಎಂದಿದ್ದಾರೆ. ರೈಲಿನ ಗಾರ್ಡ್ ಡಬ್ಬಿಯ ತುಂಬ ಗಿಡ ತರುತ್ತೇನೆ. ನಿಮ್ಮದರ ಬೇರೂ ಸತ್ತಿರಲಾರದು. ಅಗೆದು ಬಿಸಾಡಬೇಡಿ, ಜೂನ್‌ವರೆಗೆ ತಾಳಿ, ಬುಡದಿಂದ ಮೊಳಕೆ ಬಂದೀತು. ಮೂರು ವರ್ಷ ಕೊಡಿ, ನಿಮ್ಮ ಇಳಿಜಾರನ್ನು ಒಂದೆಲೆ ಹೆಚ್ಚುಕಮ್ಮಿಯಿಲ್ಲದೆ ಮೊದಲಿನಂತೆ ಮಾಡಿಕೊಡುತ್ತೇನೆ.

ಮುಂದಿನ ವಾರದ ಕೊನೆಗೆ ರಾಜೀನಾಮೆ ಕೊಡುತ್ತೇನೆ.

ನಿಮ್ಮ
ವಿಲ್ಫ್


ಪೋರ್ತ್‌ವೆನ್
೪ ಮಾರ್ಚ್ ೧೯೬೩

ವಿಲ್ಫ್,

ಇನ್ನು ನೀವು ಗೀವು ಬೇಡ. ಈ ಕಾಗದವನ್ನು ನೀನು ಅನ್ನದೆ ಬರೆಯಲಾರೆ.

ನೀನು ಎಷ್ಟು ಒಳ್ಳೆಯವನೆಂದರೆ ನಿನ್ನ ಕಾಗದ ಓದಿ ನಾನು ಮೆಟ್ಟಿಲ ಮೇಲೆ ಕೂತು ಮತ್ತೊಮ್ಮೆ ಓದಿದೆ. ಗಾರ್ಡ್ ಡಬ್ಬಿಯ ತುಂಬ ಗಿಡ! ದೇವರೇ, ಅದು ಬಾರದಿರಲಿ.

ನಾನು ಮುಚ್ಚಿಟ್ಟದ್ದು ತೋಟ ಸತ್ತದ್ದನ್ನಲ್ಲ. ಅದನ್ನು ಹೇಳಿಬಿಡಬಹುದಿತ್ತು, ನೀನು ನಗುತ್ತಿರಲಿಲ್ಲ ಎಂದು ಗೊತ್ತು. ಹೇಳಲಾರದ್ದು ಬೇರೆ ಇದೆ. ಆ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಇಳಿಜಾರೆಲ್ಲ ಕಪ್ಪು. ಜೋರಿ ಓಡಿ ಬಂದ. ಬದುಕಿನಲ್ಲಿ ಒಂದು ದಿನವೂ ಕಳೆ ಕೀಳದವನು, ಟೊಪ್ಪಿ ತೆಗೆದು ಹಿಮದಲ್ಲಿ ನಿಂತು, "ಅಪ್ಪನ ತೋಟ ಹೋಯ್ತಲ್ಲೇ, ಅಪ್ಪನ ತೋಟ ಹೋಯ್ತಲ್ಲೇ," ಎಂದು ಬಿಕ್ಕಿ ಬಿಕ್ಕಿ ಅತ್ತ. ನನಗೆ ಅಳು ಬರಲಿಲ್ಲ. ಒಳಗೆ ಹೋಗಿ ಚಹಾ ಮಾಡಿದೆ. ಕೂತು ಕುಡಿದೆ. ಲೋಟದ ತಳ ಕಂಡಾಗಲೂ ಚಹಾ ಬಿಸಿಯಿತ್ತು. ಎಷ್ಟೋ ವರ್ಷದಿಂದ ನಾನು ಆರಿದ ಚಹಾ ಕುಡಿಯುವವಳು ವಿಲ್ಫ್, ನಡುವೆ ಎದ್ದು ಯಾವುದಾದರೂ ಕುಂಡ ನೋಡಲು ಹೋಗುತ್ತಿದ್ದೆ. ಆಗ ತಿಳಿಯಿತು, ನನಗೆ ದುಃಖವಾಗಿಲ್ಲ ಎಂದು. ಸಂತೋಷವಾಗಿದೆ. ಇದೆಂಥ ಮಗಳು ನಾನು ಎಂದು ಹೆದರಿದೆ. ಅದಕ್ಕೇ ಟ್ರೂರೋ, ಅದಕ್ಕೇ ಸಿನಿಮಾ.

ಇನ್ನೂ ಒಂದು ಹೆದರಿಕೆ. ನೀನು ಮೆಚ್ಚಿದ್ದು ತೋಟವನ್ನೋ ನನ್ನನ್ನೋ ಗೊತ್ತಿರಲಿಲ್ಲ. ತೋಟವಿಲ್ಲದ ಲವ್‌ಡೇಯನ್ನು ನೀನು ನೋಡಿಲ್ಲ. ಅವಳು ನಿನಗೆ ಬೇಡವಾದರೆ? ಅದಕ್ಕೇ ಸುಳ್ಳು.

ಬೇರಿನಿಂದ ಮೊಳಕೆ ಬಂದರೆ ಬರಲಿ. ಜೂನ್‌ವರೆಗೆ ಕಾದು ಕೂರುವವಳು ನಾನಲ್ಲ. ನೀನು ಗೋಡೆ ಎಂದೆ, ಕೋಣೆ ಎಂದೆ, ನಾಲ್ಕು ಕೈ ಎಂದೆ, ಈಗ ಗಾರ್ಡ್ ಡಬ್ಬಿ ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟದ್ದು ಸಾಕು. ನಾನೂ ಹಾಗೇ ಉತ್ತರ ಕೊಟ್ಟೆ, ನನ್ನದೂ ತಪ್ಪೇ. ಗಿಡದ ಮಾತು ಬಿಟ್ಟು ಒಂದು ಸಲ ನೇರವಾಗಿ ಕೇಳು. ಕೇಳುವ ಮುಂಚೆ ನನ್ನ ಷರತ್ತು ತಿಳಿದುಕೋ: ನಿನ್ನ ಒಂದೇ ಒಂದು ಕುಂಡಕ್ಕೂ ನಾನು ನೀರು ಹಾಕುವುದಿಲ್ಲ. ಅಂಥವಳು ಬೇಡವಾದರೆ ಕೇಳಬೇಡ. ನಾನು ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಲವ್‌ಡೇ


ಥಾರ್ನ್‌ಶಾ
೭ ಮಾರ್ಚ್ ೧೯೬೩

ಲವ್‌ಡೇ,

ನನ್ನನ್ನು ಮದುವೆಯಾಗುತ್ತೀಯಾ?

ಇಂಥ ಮಾತು ನಾನು ಯಾರನ್ನೂ ಕೇಳಿದವನಲ್ಲ. ನೆಲ್ಲಿ ನಮ್ಮ ಬೀದಿಯವಳೇ, ನಾವು ಬಾಯಿ ಬಿಡುವ ಮೊದಲೇ ಬೀದಿಯವರು ನಿಶ್ಚಯಿಸಿಬಿಟ್ಟಿದ್ದರು. ಅಭ್ಯಾಸವಿಲ್ಲದ್ದಕ್ಕೆ ಹೀಗೆ ಸುತ್ತಿಬಳಸಿದೆ. ಈ ಒಂದು ಸಾಲಿಗೆ ಮೂರು ಹಾಳೆ ಹರಿದೆ.

ರಾಜೀನಾಮೆ ಒಲೆಗೆ ಹಾಕಿದೆ. ಲೀಡ್ಸ್‌ನವರಿಗೆ ಮರಿ ಬೇಡವೆಂದು ಹೇಳಿದೆ.

ತೋಟವಿಲ್ಲದ ನಿನ್ನನ್ನು ನಾನು ನೋಡಿಲ್ಲ ಎಂದೆ ನೀನು. ನೋಡಿದ್ದೇನೆ. ನಾನು ಹೊರಟ ದಿನ ರೈಲು ತಪ್ಪಿತು, ನೆನಪಿದೆಯೇ? ಹೊರಗೆ ಮಳೆ, ನಾವಿಬ್ಬರೂ ನಿಲ್ದಾಣದ ಕೋಣೆಯಲ್ಲಿ ಕೂತಿದ್ದೆವು. ನೀನು ಸ್ಟೇಷನ್ ಮಾಸ್ತರನ ನಡಿಗೆ ಅಣಕಿಸಿ ತೋರಿಸಿದೆ. ಆತ ಬಾಗಿಲಲ್ಲೇ ನಿಂತಿದ್ದ. ನೀನು ಹಿಂಜರಿಯಲಿಲ್ಲ, ಅವನ ಕೈಗೂ ಒಂದು ಬನ್ನು ಕೊಟ್ಟು ಅವನಿಂದಲೇ ಅದೇ ನಡಿಗೆ ನಡೆಸಿದೆ. ಆ ಕೋಣೆಯಲ್ಲಿ ಒಂದೇ ಒಂದು ಎಲೆ ಇರಲಿಲ್ಲ. ನನ್ನ ಕಥೆ ಮುಗಿದದ್ದು ಅಲ್ಲೇ, ತೋಟದಲ್ಲಲ್ಲ.

ನೀರು ನಾನು ಹಾಕುತ್ತೇನೆ. ಚಹಾ ನಾನು ಮಾಡುತ್ತೇನೆ. ನೀನು ಕೂತೇ ಇರು.

ವಿಲ್ಫ್


ಪೋರ್ತ್‌ವೆನ್
೧೧ ಮಾರ್ಚ್ ೧೯೬೩

ವಿಲ್ಫ್,

ಆಗುತ್ತೇನೆ.

ಶನಿವಾರದ ರೈಲಿಗೆ ಬರುತ್ತೇನೆ. ನಿಮ್ಮೂರಿನ ಚಳಿ ಹೇಗಿದೆ ನೋಡಿ, ದಿನ ಗೊತ್ತುಮಾಡಿ, ಮದುವೆಗೆ ಟ್ಯಾಮ್‌ಸಿನ್‌ಳನ್ನೂ ಕರೆಸೋಣ. ಸುದ್ದಿ ಕೇಳಿ ಅವಳು ನನ್ನ ತಬ್ಬಿಕೊಂಡು, "ಹೋಗು ಮಾರಾಯ್ತಿ, ಹಿಂದೆ ತಿರುಗಿ ನೋಡಬೇಡ," ಅಂದಳು. ಅವಳ ಬಾಯಿಂದ ಒಳ್ಳೆಯ ಮಾತು ಬಂದದ್ದು ಇದೇ ಮೊದಲು.

ಜೋರಿ ಮಾತ್ರ ಮುಖ ಊದಿಸಿಕೊಂಡು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದ. "ಅಲ್ಲ ಲವ್‌ಡೇ, ನೀನು ಹೀಗೆ ಹೊರಟುಬಿಟ್ರೆ ಅಪ್ಪನ ತೋಟ ಯಾರು ನೋಡ್ಕೊಳ್ಳೋದು?"

"ಅವತ್ತು ಅತ್ತವನು ನೀನು ತಾನೇ," ಎಂದು ಗುದ್ದಲಿ ತಂದು ಅವನ ಕೈಗೆ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ, "ಎಲ್ಲಿಂದ ಶುರು ಮಾಡ್ಬೇಕು?" ಎಂದು ಕೇಳಿದ.

ನನಗೆ ಗೊತ್ತಿಲ್ಲ ಎಂದು ಹೇಳಿ ಪೆಟ್ಟಿಗೆ ಕಟ್ಟಲು ಒಳಗೆ ಬಂದೆ.

ಲವ್‌ಡೇ